ಕಣ್ಣಿಗೆ ಕಾಣುವವರೆಗೂ ದೇವರದು

ಕಂಬದಹಟ್ಟಿ
೨೪ ಜನವರಿ ೧೯೮೨

ಚಿರಂಜೀವಿ ತಮ್ಮ ದಾಸಣ್ಣನಿಗೆ,

ಅಕ್ಕ ಜುಂಜಮ್ಮನ ಆಶೀರ್ವಾದ ನಿನಗೂ ನಿನ್ನ ಹೆಂಡತಿ ಕ್ಯಾತಮ್ಮನಿಗೂ. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಕುರಿಗಳು ಮರಿ ಹಾಕುವ ಕಾಲ, ಅದರ ಮೇಲೆ ನಿನ್ನ ಭಾವ ಹುಚ್ಚಣ್ಣ ಕಾಲು ಉಳುಕಿಸಿಕೊಂಡು ಜಗಲಿಯ ಮೇಲೆ ದರ್ಬಾರು ಮಾಡುತ್ತಿದ್ದ. ನೀರು ತಾ, ಬೀಡಿ ತಾ, ಎಣ್ಣೆ ತಿಕ್ಕು. ಪೆನ್ನು ಹಿಡಿದರೆ ಸಾಕು, ಅವನಿಗೆ ನೋವು ಶುರು. ನಿನಗೆ ಪಾವಗಡದ ತೆಲುಗು ನಾಲಿಗೆಗೆ ಹತ್ತಿಬಿಟ್ಟಿದೆ. ಹೋದ ಸಲ ಬಂದಾಗ ಅಪ್ಪನನ್ನು ಚೆನ್ನಾಗಿದ್ದೀಯಾ ಅನ್ನದೆ "ಬಾಗುನ್ನಾವಾ" ಅಂದೆಯಲ್ಲ, ಹಟ್ಟಿಯ ಹೆಂಗಸರು ಇನ್ನೂ ಅದನ್ನೇ ಆಡಿಕೊಂಡು ನಗುತ್ತಾರೆ.

ಈಗ ವಿಷಯ ಕೇಳು. ನಿನ್ನ ಅರಣ್ಯ ಇಲಾಖೆಯ ಜೀಪು ನಮ್ಮ ಹಟ್ಟಿಗೆ ಬಂದಿತ್ತು. ಅದರಲ್ಲಿದ್ದವರು ವೆಂಕಟರಾಮಯ್ಯ ಎಂಬ ಸಾಹೇಬರು, ಮಧುಗಿರಿಯವರು. ತೆಳ್ಳಗಿದ್ದಾರೆ, ಮೆತ್ತಗೆ ಮಾತಾಡುತ್ತಾರೆ. ಹಟ್ಟಿಯೊಳಗೆ ಕಾಲಿಡುವ ಮೊದಲು ಬೂಟು ಬಿಚ್ಚಿಟ್ಟರು ನೋಡು, ಅದೊಂದಕ್ಕೇ ಅಪ್ಪ ಅವರಿಗೆ ಸೋತುಹೋದ. ಈ ಸೀಮೆಯ ನೆಲದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಕಾಡುಪ್ರಾಣಿಗಳಿಗಾಗಿ ಕಾಪಾಡಿ ಇಟ್ಟಿದ್ದೀರಿ, ಅಳೆದು ಹೇಳಿ ಎಂದು ಮೇಲಿನಿಂದ ಕೇಳಿದ್ದಾರಂತೆ. ನಮ್ಮ ದೇಶವೊಂದೇ ಅಲ್ಲ, ದೇಶದೇಶದವರೂ ಹೀಗೆ ಅಳೆಯುತ್ತಾರಂತೆ. ನೆಲವಾದರೆ ಸರಿ, ಸಮುದ್ರದಲ್ಲೂ ಮೀನಿಗೆಂದು ಇಷ್ಟು ಜಾಗ ಬಿಟ್ಟು ಗಡಿ ಹಾಕುತ್ತಾರಂತೆ! ಹೊನ್ನತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಸಮುದ್ರುಕ್ಕೆ ಬದ ಎಲ್ಲಿ ಹಾಕ್ತಾರೆ ಸ್ವಾಮಿ? ಕಲ್ಲು ನೆಟ್ರೆ ಮುಳುಗೋಗಲ್ವಾ?" ಎಂದು ಕೇಳಿದಳು. ಸಾಹೇಬರಿಗೂ ಗೊತ್ತಿರಲಿಲ್ಲ, ನಕ್ಕುಬಿಟ್ಟರು.

ಅವರು ಬಂದದ್ದು ನಮ್ಮ ದೇವರ ದನ ಮೇಯುವ ಕಾವಲನ್ನು ಅಳೆಯಲು. ಅಲ್ಲಿ ಜಿಂಕೆಗಳಿವೆಯಲ್ಲ, ಅವರ ಬಾಯಲ್ಲಿ ಅದು ಕೃಷ್ಣಮೃಗ. ಸುತ್ತಲ ಬಯಲೆಲ್ಲ ನೇಗಿಲಿಗೆ ಬಿದ್ದ ಮೇಲೆ ಅವು ಉಳಿದಿರುವುದು ಇಲ್ಲಿ ಮಾತ್ರವಂತೆ. ಇಷ್ಟು ಹುಲ್ಲು ಉಳಿಸಿದವರು ಯಾರು ಎಂದು ಕೇಳಿದರು. ನಾನು ಅಪ್ಪನ ಕಡೆ ಕೈ ತೋರಿಸಿದೆ. ಪಾಪ, ಅವರಿಗೆ ಕಿಲಾರಿ ಅಂದರೇನೆಂದೇ ತಿಳಿಯದು. ದೇವರಿಗೆ ಬಿಟ್ಟ ದನಗಳು ಇವು, ಇವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಮಾರುವುದಿಲ್ಲ, ಇವನ್ನು ಕಾಯುವವನೇ ಕಿಲಾರಿ, ಅಪ್ಪನಿಗಿಂತ ಮುಂಚೆ ತಾತ ಕಾಯುತ್ತಿದ್ದ, ದನ ನೀರು ಕುಡಿಯದೆ ಕಿಲಾರಿ ಬಾಯಿಗೆ ತುತ್ತು ಹಾಕುವುದಿಲ್ಲ ಎಂದೆಲ್ಲ ನಾನೇ ಬಿಡಿಸಿ ಹೇಳಿದೆ.

"ದನ ಎಷ್ಟಿವೆ ಬೋರಪ್ಪನವರೇ?" ಎಂದರು ಸಾಹೇಬರು.

"ತುಂಬೈತೆ ಸ್ವಾಮಿ."

"ತುಂಬ ಅಂದರೆ? ಐವತ್ತೋ ನೂರೋ?"

"ತುಂಬೈತೆ."

ದೇವರ ದನವನ್ನು ಎಣಿಸಬಾರದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಪೆನ್ಸಿಲು ಕಚ್ಚಿಕೊಂಡು ತಮಗೆ ತೋಚಿದ್ದನ್ನು ಬರೆದುಕೊಂಡರು. ಆಮೇಲೆ, ಕಾವಲು ಎಲ್ಲಿಂದ ಎಲ್ಲಿಯವರೆಗೆ ಇದೆ, ತೋರಿಸಿ ಎಂದರು. ಅಪ್ಪ ಕೋಲೆತ್ತಿ, "ಕಣ್ಣಿಗೆ ಕಾಣೋವರ್ಗೂ ದೇವ್ರುದೇ ಸ್ವಾಮಿ" ಅಂದ. ಅಂದು ಸುಮ್ಮನಾದನೇ? ಮುಂದೆ ಮುಂದೆ ಹೊರಟೇಬಿಟ್ಟ. ದನ ನೀರು ಕುಡಿಯುವ ಗೋಕಟ್ಟೆ, ಸತ್ತ ದೇವರೆತ್ತುಗಳನ್ನು ಮಣ್ಣು ಮಾಡಿದ ಗುಡ್ಡೆಗಳು, ಅದರಾಚೆ ಗಾಡಿದಾರಿ, ಅದರಾಚೆ ನಮ್ಮ ಕುರಿ ಮೇಯುವ ದಿಣ್ಣೆ, ಅದನ್ನೂ ದಾಟಿ ಹಳ್ಳದವರೆಗೆ. ಹಿಂದೆ ಅಳತೆಯ ಚೈನು ಹಿಡಿದವರು, ಅವರ ಹಿಂದೆ ಕುಂಟಿಕೊಂಡು ನಿನ್ನ ಭಾವ.

"ಸಾಕ್ ಬುಡು ಮಾವ, ಇಲ್ಲಿಗಂಟ ದೇವ್ರ ದನ ಯಾವತ್ತು ಬಂದಿತ್ತು?" ಎಂದು ಅವನು ಗೊಣಗಿದ.

"ದೇವ್ರ ಜಾಗುನ್ನ ಕಮ್ಮಿ ಮಾಡಿ ಹೇಳೋ ಬಾಯಿ ನಂದಲ್ಲ ಕಣಪ್ಪ" ಎಂದ ಅಪ್ಪ, ತಿರುಗಿಯೂ ನೋಡದೆ.

ನಮ್ಮಲ್ಲಿ ಅದು ಇರುವುದೇ ಹಾಗಲ್ಲವೇ? ದೇವರದ್ದು ಅಂದಮೇಲೆ ಕಡಿಮೆ ಹೇಳಿದರೆ ಕಿಲಾರಿಗೆ ಒಳ್ಳೆಯದಾಗುವುದಿಲ್ಲ. ಆದರೆ ಸಾಹೇಬರು ಅದನ್ನು ಹಾಗೆಯೇ ನಕ್ಷೆಗೆ ಇಳಿಸಿಕೊಂಡರು. ಹೊರಡುವಾಗ, "ಇನ್ನು ಇಲ್ಲಿಗೆ ಯಾರೂ ನೇಗಿಲು ತರುವ ಹಾಗಿಲ್ಲ ಬೋರಪ್ಪನವರೇ" ಎಂದರು. ಅಪ್ಪನ ಖುಷಿ ಏನು ಹೇಳಲಿ! ಅವತ್ತು ಎರಡು ಮುದ್ದೆ ಉಂಡ. "ನಮ್ಮ ದಾಸನ ಇಲಾಖೆಯೋರು ಕಣವ್ವ, ಅಂದ್ರೆ ಮನೆಯೋರೇ ಅಲ್ವಾ?" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಾನೆ.

ನನಗೆ ಮಾತ್ರ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ನೀನು ಆ ಇಲಾಖೆಯವನು, ಹೀಗೆ ಅಳೆದುಕೊಂಡು ಹೋದರೆ ಮುಂದೇನಾಗುತ್ತದೆ ಎಂದು ಬಿಡಿಸಿ ಬರೆ. ಒಂದು ಸಾಲು ಬರೆದು ತಪ್ಪಿಸಿಕೊಳ್ಳಬೇಡ.

ನಿನ್ನ ಅಕ್ಕ,
ಜುಂಜಮ್ಮ

ಕಂಬದಹಟ್ಟಿ
೧೧ ಸೆಪ್ಟೆಂಬರ್ ೧೯೮೨

ಚಿರಂಜೀವಿ ದಾಸಣ್ಣನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಓದಿದ್ದೇನೆ, ಮಡಿಚಿದ್ದೇನೆ, ಮತ್ತೆ ಓದಿದ್ದೇನೆ. ನೀನು ಕೇಳಿರುವ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಇಲ್ಲಿನ ಸ್ಥಿತಿ ನಿನಗೆ ಗೊತ್ತಾಗಲಿ.

ಕಾವಲಿನ ಸುತ್ತ ಕಂದಕ ತೋಡಿದ್ದಾರೆ. ತೋಡಿದವರು ಯಾರು ಅಂದುಕೊಂಡೆ? ನಮ್ಮ ಹಟ್ಟಿಯವರೇ. ಕೂಲಿ ಸಿಗುತ್ತದೆ ಎಂದು ನಿನ್ನ ಭಾವನೂ ಗುದ್ದಲಿ ಹಿಡಿದು ಹೋದ. ಮಳೆನೀರು ನಿಲ್ಲಿಸಲು ಕಾಲುವೆ ಎಂದೇ ಎಲ್ಲರೂ ತಿಳಿದಿದ್ದರು. ಕೆಲಸ ಮುಗಿದ ಮಾರನೆಯ ದಿನ ಬೋರ್ಡು ಬಂತು, ಇದು ರಕ್ಷಿತ ಪ್ರದೇಶ, ಜಾನುವಾರು ಬಿಡಬಾರದು ಅಂತ. ನನ್ನನ್ನು ಕರೆಸಿ ಓದಿಸಿದರು. ನಾನು ಓದಿದೆ, ಯಾರೂ ನಂಬಲಿಲ್ಲ. ಹುಚ್ಚಣ್ಣ, "ಸರಿಯಾಗಿ ಓದೇ" ಎಂದು ನನ್ನ ಮೇಲೆಯೇ ರೇಗಿದ. ನಾನೇನು ಬೋರ್ಡು ಬರೆದವಳೇ?

ಗೋಕಟ್ಟೆ ಒಳಗಡೆ ಸೇರಿಹೋಯಿತು, ಎತ್ತಿನ ಗುಡ್ಡೆಗಳೂ ಒಳಗೆ. ನಮ್ಮ ದನಕ್ಕೆ ಈಗ ಉಳಿದಿರುವುದು ಹಟ್ಟಿಯ ಹಿಂದಿನ ಕಲ್ಲುಗುಟ್ಟೆ. ದಿನಾ ಬೆಳಿಗ್ಗೆ ಅವು ಅಭ್ಯಾಸದ ಪ್ರಕಾರ ಕಂದಕದವರೆಗೆ ಹೋಗುತ್ತವೆ, ನೀರಿನ ವಾಸನೆ ಹಿಡಿದು ನಿಲ್ಲುತ್ತವೆ. ಅಪ್ಪ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಅವುಗಳ ಜೊತೆ ತಾನೂ ನಿಲ್ಲುತ್ತಾನೆ. ಆಮೇಲೆ ಮಿಡಿಗೇಶಿ ಕಡೆಯ ಕುಂಟೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿ ಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಅಲ್ಲಿಯವರೆಗೂ ಹೊಟ್ಟೆಗೆ ಏನೂ ಇಲ್ಲ. ಈ ವಯಸ್ಸಿನಲ್ಲಿ ಈ ಉಪವಾಸ ಬೇಕೇನಪ್ಪ ಅಂದರೆ, "ಅವು ಬಾಯಾರ್ಕೊಂಡು ನಿಂತಿರ್ತವೆ, ನಾನು ಹೆಂಗವ್ವ ಉಣ್ಣನ?" ಅನ್ನುತ್ತಾನೆ. ಕಣ್ಣು ಒಳಗೆ ಹೋಗಿದೆ.

ನಾನು ಸುಮ್ಮನಿರುವವಳಲ್ಲ, ನಿನಗೆ ಗೊತ್ತು. ಬಸ್ಸು ಹತ್ತಿ ಮಧುಗಿರಿಗೆ ಹೋದೆ. ವೆಂಕಟರಾಮಯ್ಯನವರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಒಳ್ಳೆಯವರ ಮೇಲೆ ಜಗಳಾಡುವುದು ಎಷ್ಟು ಕಷ್ಟ ಮಾರಾಯ! ದನ ಮೇಯುವ ಜಾಗವನ್ನು ಕಾಪಾಡಿದ ನೆಲ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲವಂತೆ. ಹೋದ ವರ್ಷದವರೆಗೆ ನಮ್ಮ ಭಾಗದ್ದು ಸೊನ್ನೆ ಎಂದು ಬರೆದು ಕಳಿಸುತ್ತಿದ್ದರಂತೆ, ಈಗ ನಮ್ಮ ಕಾವಲಿನಿಂದ ಒಂದು ಅಂಕಿ ಬಂದಿದೆಯಂತೆ. "ಹಾಗಾದರೆ ನಮ್ಮ ತಾತ ಮುತ್ತಾತ ಕಾದದ್ದು ಸೊನ್ನೆಯನ್ನಾ ಸಾರ್?" ಎಂದೆ. ಅವರು ಬೇಜಾರು ಮಾಡಿಕೊಳ್ಳದೆ, "ಆಚೆ ಊರಿನವರು ಹಳ್ಳದ ಕಡೆಯಿಂದ ಉಳುತ್ತ ಉಳುತ್ತ ಬರುತ್ತಿದ್ದರಲ್ಲಮ್ಮ, ನಿಮ್ಮ ತಂದೆ ಒಬ್ಬರೇ ಎಷ್ಟು ದಿನ ತಡೆಯುತ್ತಿದ್ದರು? ಇನ್ನು ಹತ್ತು ವರ್ಷಕ್ಕೆ ದನಕ್ಕೂ ಇರುತ್ತಿರಲಿಲ್ಲ, ಜಿಂಕೆಗೂ ಇರುತ್ತಿರಲಿಲ್ಲ" ಎಂದರು. ಅದು ಸುಳ್ಳೇನಲ್ಲ. ಈಗ ಜಿಂಕೆ ಮರಿಗಳು ಹೆಚ್ಚಾಗಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಾಗೆಂದು ಮನಸ್ಸು ಒಪ್ಪುತ್ತದೆಯೇ? ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅವರಿಗೆ ಹೇಳಬೇಕಿದ್ದ ಉತ್ತರಗಳನ್ನೆಲ್ಲ ಕಿಟಕಿಗೆ ಹೇಳಿಕೊಂಡು ಬಂದೆ. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ನಿನ್ನ ಹಿರೇಎತ್ತು ಸೊರಗಿದೆ. ತಾಯಿ ಸತ್ತ ಆ ಕರುವನ್ನು ನೀನು ಮೇಕೆ ಹಾಲು ಕುಡಿಸಿ, ರಾತ್ರಿ ನಿನ್ನ ಕಂಬಳಿಯೊಳಗೆ ಮಲಗಿಸಿಕೊಂಡು ಬದುಕಿಸಿದೆಯಲ್ಲ, ಈಗ ಅದೇ ಹಿಂಡಿಗೆಲ್ಲ ಹಿರಿಯ. ಕಂದಕದ ಹತ್ತಿರ ಎಲ್ಲಕ್ಕಿಂತ ಮುಂದೆ ನಿಲ್ಲುವುದೂ ಅದೇ.

ಈಗ ನಿನ್ನ ಮಾತಿಗೆ ಬರುತ್ತೇನೆ. ನಮ್ಮ ಕಾವಲಿಗೆ ಗಾರ್ಡ್ ಆಗಿ ಹೋಗುತ್ತೀಯಾ ಎಂದು ನಿನ್ನನ್ನೇ ಕೇಳಿದ್ದಾರೆ, ಏನು ಹೇಳಲಿ, ಅಪ್ಪನಿಗೆ ಈಗಲೇ ತಿಳಿಸಬೇಡ ಎಂದು ಬರೆದಿದ್ದೀಯ. ಅಪ್ಪನಿಗೆ ಹೇಳಿಲ್ಲ. ನನ್ನ ಮಾತು ಕೇಳುವುದಾದರೆ ಬರಬೇಡ ದಾಸ. ದಿನಾ ಬೆಳಿಗ್ಗೆ ಅಪ್ಪ ದನ ಹೊಡೆದುಕೊಂಡು ಬಂದು ಕಂದಕದ ಈಚೆ ನಿಲ್ಲುತ್ತಾನೆ. ನೀನು ಖಾಕಿ ಹಾಕಿಕೊಂಡು ಆಚೆ ನಿಲ್ಲುತ್ತೀಯಾ? ನಿನ್ನ ಹಿರೇಎತ್ತು ನಿನ್ನ ಗುರುತು ಹಿಡಿದು ಕೂಗಿದರೆ ಕೋಲೆತ್ತುತ್ತೀಯಾ? ಬಿಟ್ಟರೆ ನಿನ್ನ ನೌಕರಿ ಹೋಗುತ್ತದೆ, ತಡೆದರೆ ಅಪ್ಪ ಉಳಿಯುವುದಿಲ್ಲ. ನಮ್ಮವನೇ ನಮ್ಮನ್ನು ತಡೆದ ಎಂಬ ಮಾತು ಹಟ್ಟಿಯಲ್ಲಿ ಹುಟ್ಟುವುದು ಬೇಡ. ಯಾರೋ ಗುರುತಿಲ್ಲದವನು ಬರಲಿ. ಅವನನ್ನಾದರೆ ನಾನು ಬಾಯಿತುಂಬ ಬೈಯಬಹುದು.

ಇದನ್ನು ಬರೆದು ನನಗೂ ನೆಮ್ಮದಿಯಿಲ್ಲ. ಕ್ಯಾತಮ್ಮನಿಗೆ ಈಗ ಎಷ್ಟು ತಿಂಗಳು? ಬಿಸಿಲಲ್ಲಿ ಓಡಾಡಬೇಡ ಎಂದು ಹೇಳು.

ನಿನ್ನ ಅಕ್ಕ,
ಜುಂಜಮ್ಮ

ಕಂಬದಹಟ್ಟಿ
೬ ಮಾರ್ಚ್ ೧೯೮೩

ಚಿರಂಜೀವಿ ತಮ್ಮನಿಗೆ,

ಗಂಡು ಮಗು ಹುಟ್ಟಿದ ಸುದ್ದಿ ಬಂದು ತಿಂಗಳಾಗಿದೆ, ನಾನು ಒಂದು ಸಾಲು ಬರೆದಿಲ್ಲ. ಮಗುವಿಗೂ ಬಾಣಂತಿಗೂ ನನ್ನ ಆಶೀರ್ವಾದ. ಕೋಪ ಮಾಡಿಕೊಳ್ಳಬೇಡ ಎಂದು ಕ್ಯಾತಮ್ಮನಿಗೆ ಹೇಳು. ಬರೆಯಲು ಕೂತರೆ ಎದ್ದು ಹೋಗುತ್ತಿದ್ದೆ. ಕೆಟ್ಟ ಸುದ್ದಿಯನ್ನು ಒಳ್ಳೆಯ ಸುದ್ದಿಯ ಜೊತೆ ಹೇಗೆ ಸೇರಿಸಿ ಬರೆಯಲಿ?

ನಿನ್ನ ಹಿರೇಎತ್ತು ಹೋಯಿತು ದಾಸ. ಮೂರು ದಿನ ನೆಲ ಹಿಡಿದು ಮಲಗಿತ್ತು. ಅಪ್ಪ ಅದರ ಪಕ್ಕದಲ್ಲೇ ಇದ್ದ, ಬೊಗಸೆಯಲ್ಲಿ ನೀರು ಹಿಡಿದರೆ ನಾಲಿಗೆ ತೇವ ಮಾಡಿಕೊಳ್ಳುತ್ತಿತ್ತು. ಶುಕ್ರವಾರ ಬೆಳಿಗ್ಗೆ ಪ್ರಾಣ ಬಿಟ್ಟಿತು.

ದೇವರೆತ್ತಿಗೆ ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ಮೈ ತೊಳೆದು ಅರಿಶಿನ ಹಚ್ಚಿ ಹೊಸ ಬಟ್ಟೆ ಹೊದಿಸಿದೆವು. ಗಾಡಿಯ ಮೇಲೆ ಮಲಗಿಸಿ, ಉರುಮೆ ಬಡಿದುಕೊಂಡು, ಹಟ್ಟಿಗೆ ಹಟ್ಟಿಯೇ ಹೊರಟಿತು. ಎಲ್ಲಿಗೆ? ಇನ್ನೆಲ್ಲಿಗೆ, ಅದರ ಹಿಂದಿನವು ಮಲಗಿರುವ ಗುಡ್ಡೆಗೆ. ಕಂದಕದ ಹತ್ತಿರ ಗಾರ್ಡ್ ಬೈಲಪ್ಪ ನಿಂತಿದ್ದ. ನೀನು ಒಲ್ಲೆ ಅಂದ ಮೇಲೆ ಹಾಕಿದ್ದಾರಲ್ಲ, ಅವನು. ಗೊರವನಹಳ್ಳಿ ಕಡೆಯವನು, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಅಷ್ಟು ಜನ, ಉರುಮೆ, ಗಾಡಿ ನೋಡಿ ಎದುರಿಗೆ ಓಡಿ ಬಂದ. "ಒಳಗೆ ಮಣ್ಣು ಅಗೆಯೋ ಹಂಗಿಲ್ಲ ಯಜಮಾನ್ರೇ, ನನ್ ಕೆಲ್ಸ ಹೋಯ್ತದೆ, ಸಾಹೇಬ್ರ ಅಪ್ಪಣೆ ತಗಂಬನ್ನಿ, ನಿಮ್ ಕಾಲಿಗ್ ಬೀಳ್ತೀನಿ" ಎಂದು ಅಪ್ಪನಿಗೆ ಕೈ ಮುಗಿದ. ಬಾಯಿತುಂಬ ಬೈಯುತ್ತೇನೆ ಅಂದಿದ್ದೆನಲ್ಲ, ಅವನ ಮುಖ ನೋಡಿ ಒಂದು ಮಾತೂ ಹೊರಡಲಿಲ್ಲ.

ಹುಚ್ಚಣ್ಣ ಮಧುಗಿರಿಯ ಬಸ್ಸಿಗೆ ಓಡಿದ. ಸಾಹೇಬರು ಮೀಟಿಂಗಿಗೆಂದು ತುಮಕೂರಿಗೆ ಹೋಗಿದ್ದರಂತೆ, ಬರಿಗೈಯಲ್ಲಿ ಬಂದ. ಅಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಹಟ್ಟಿಯ ಹುಡುಗರು ಗುದ್ದಲಿ ತಂದು ಕಂದಕ ಮುಚ್ಚೇ ಮುಚ್ಚುತ್ತೇವೆ ಎಂದು ನಿಂತರು. ಬೈಲಪ್ಪನಿಗೆ ಎರಡೇಟು ಬೀಳುವುದರಲ್ಲಿತ್ತು. ಅಪ್ಪ ಅಡ್ಡ ಬಂದ.

"ಗುದ್ಲಿ ಕೆಳಗಾಕ್ರುಲಾ! ಇಲ್ಲಿಗಂಟ ದೇವ್ರುದು ಅಂತ ತೋರ್ಸಿದೋನು ನಾನು. ದೇವ್ರ ಜಾಗ್ದಲ್ಲಿ ಬಡಿದಾಡಿ ರಕ್ತ ಬೀಳ್ಸೀರಾ?"

ಹುಡುಗರು ಗುದ್ದಲಿ ಕೆಳಗಿಟ್ಟರು. ಅಪ್ಪ ಗಾಡಿಗೆ ಬೆನ್ನು ಕೊಟ್ಟು ಮಿಡಿಗೇಶಿ ರಸ್ತೆಯ ಕಡೆ ನೋಡುತ್ತ ನಿಂತ. ನಿಂತೇ ಇದ್ದ. ಪಾವಗಡದಿಂದ ಬರುವ ಬಸ್ಸಿನ ಧೂಳು ಎದ್ದಾಗ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಮತ್ತೊಂದು ಬಂತು, ಆಗಲೂ ನೋಡಿದ. "ಸಾಹೇಬರು ಬರೋದು ಮಧುಗಿರಿ ಕಡೆಯಿಂದ ಅಲ್ವೇನಪ್ಪ, ಈ ಕಡೆ ಯಾಕೆ ನೋಡ್ತೀಯ?" ಅಂದೆ. ಅವನು ನೋಡುತ್ತಲೇ ಇದ್ದ. ಬಿಸಿಲಿಗೆ ತಲೆ ಸರಿಯಿಲ್ಲ ಅಂದುಕೊಂಡು ಸೆರಗು ಅಡ್ಡ ಹಿಡಿದೆ. ಹೊತ್ತು ಮುಳುಗುವ ಹೊತ್ತಿಗೆ ಈ ಕಡೆ ತಿರುಗಿ, "ಸಾಕು, ಇಲ್ಲೇ ಮಾಡ್ರಿ" ಅಂದ. "ದಾರಿ ಇರ್ನಿಲ್ಲ ಅಂತಲ್ಲ ಕಣವ್ವ. ದಾರಿ ಮಾಡೋನು ಬರ್ನಿಲ್ಲ."

ಕಂದಕದ ಈಚೆ ಅಂಚಿನಲ್ಲಿ, ನಿನ್ನ ಭಾವನ ರಾಗಿಹೊಲದ ಮೂಲೆಯಲ್ಲಿ ಗುಂಡಿ ತೋಡಿದೆವು. ತಲೆ ಗೋಕಟ್ಟೆಯ ಕಡೆ ಇರುವ ಹಾಗೆ ಮಲಗಿಸಿದರು. ಬೈಲಪ್ಪನೂ ಟೋಪಿ ತೆಗೆದು ಈ ಕಡೆ ದಾಟಿ ಬಂದು ಮೂರು ಹಿಡಿ ಮಣ್ಣು ಹಾಕಿದ. ಯಾರೂ ಬೇಡ ಅನ್ನಲಿಲ್ಲ. ಆಚೆ ಗುಡ್ಡೆಗಳ ಮಧ್ಯೆ ಜಿಂಕೆಗಳು ತಮ್ಮ ಪಾಡಿಗೆ ಮೇಯುತ್ತಿದ್ದವು. ಹೊನ್ನತ್ತೆ ಅವನ್ನು ನೋಡಿ ಸೆರಗು ಬಾಯಿಗೆ ತುಂಬಿಕೊಂಡು ಅತ್ತಳು.

ಸೋಮವಾರ ವೆಂಕಟರಾಮಯ್ಯನವರು ತಾವಾಗಿ ಬಂದರು. ನಾನು ಊರಲ್ಲಿದ್ದಿದ್ದರೆ ಎತ್ತನ್ನು ಒಳಗೆ ಮಣ್ಣು ಮಾಡಲು ಬಿಡುತ್ತಿದ್ದೆ, ಯಾರು ಏನು ಕೇಳುತ್ತಿದ್ದರೋ ನೋಡುತ್ತಿದ್ದೆ ಎಂದರು. ಹೊಸ ಗುಡ್ಡೆಯ ಮುಂದೆ ತಲೆ ತಗ್ಗಿಸಿ ನಿಂತರು. ದನ ಹೋಗಿ ನೀರು ಕುಡಿದು ಬರಲು ಗೋಕಟ್ಟೆಗೆ ಒಂದು ದಾರಿ ಬಿಡಿಸುತ್ತೇನೆ ಎಂದಿದ್ದಾರೆ, ಮೇಲಿನವರಿಗೆ ಬರೆಯಬೇಕಂತೆ. ಬರೆಯಲಿ. ಅಪ್ಪ ಅವರಿಗೆ ಕೈ ಮುಗಿದ, ಅಷ್ಟೇ. ಈಗಲೂ ದಿನಾ ದನ ಹೊಡೆದುಕೊಂಡು ಹೋಗುತ್ತಾನೆ, ಕಂದಕದ ಹತ್ತಿರ ನಿಲ್ಲುತ್ತಾನೆ, ಆಮೇಲೆ ಕುಂಟೆಗೆ ಹೋಗುತ್ತಾನೆ.

ಮಗುವಿಗೆ ಹೆಸರಿಡುವಾಗ ನಮ್ಮನ್ನು ಮರೆಯಬೇಡ. ಅಪ್ಪನ ಕಂಬಳಿಯಲ್ಲಿ ಒಂದು ದಿನವಾದರೂ ಆ ಕೂಸನ್ನು ಮಲಗಿಸಬೇಕು, ಅದು ನನ್ನ ಆಸೆ. ನೀವು ಮೂವರೂ ತಣ್ಣಗಿರಿ. ದೇವರು ನಿಮ್ಮ ನೆತ್ತಿ ಕಾಯಲಿ.

ನಿನ್ನ ಅಕ್ಕ,
ಜುಂಜಮ್ಮ

ತಾ.ಕ. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಹೇಳದೆ ಇರಲು ಆಗುತ್ತಿಲ್ಲ. ಸೋಮವಾರ ಸಾಹೇಬರು ಹೊರಡುವಾಗ ನನ್ನನ್ನು ಜೀಪಿನ ಹತ್ತಿರ ಕರೆದು, "ನಿಮ್ಮ ತಮ್ಮ ಯಾಕಮ್ಮ ಇಲ್ಲಿಗೆ ಬರಲ್ಲ ಅಂದ?" ಎಂದು ಕೇಳಿದರು. ನಿನ್ನನ್ನು ಇಲ್ಲಿಗೆ ಹಾಕುವುದು ಅವರ ಯೋಚನೆಯೇ ಅಲ್ಲವಂತೆ. ಅಳತೆ ಮುಗಿದ ವಾರ ಅಪ್ಪ ನಮಗೆ ಯಾರಿಗೂ ಹೇಳದೆ ಮಧುಗಿರಿಗೆ ಹೋಗಿ ಅವರ ಮುಂದೆ ನಿಂತಿದ್ದನಂತೆ. "ನಂಗೆ ವಯಸ್ಸಾತು ಸ್ವಾಮಿ. ಇನ್ನು ಕಿಲಾರಿ ಆಗೋ ಸರದಿ ನನ್ ಮಗಂದು. ಕಂಬ್ಳಿ ಹೊದ್ಕೊಂಡಾದ್ರೂ ಕಾಯ್ಲಿ, ಖಾಕಿ ಹಾಕ್ಕೊಂಡಾದ್ರೂ ಕಾಯ್ಲಿ, ಅಲ್ಲಿಗೆ ಅವನ್ನೇ ಹಾಕ್ಬುಡಿ. ಅವ್ನು ಕಾಯ್ತಾನೆ ಅಂತ್ಲೇ ನಾನು ಕಣ್ಣಿಗೆ ಕಾಣೋವರ್ಗೂ ತೋರ್ಸಿದ್ದು" ಅಂದನಂತೆ.

ಎತ್ತು ನೆಲ ಹಿಡಿದ ದಿನವೇ ಅಪ್ಪ ಪಾವಗಡದ ಬಸ್ಸಿನ ಕಂಡಕ್ಟರನ ಕೈಲಿ ನಿನಗೆ ಹೇಳಿ ಕಳಿಸಿದ್ದನೆಂದು ಆಮೇಲೆ ಹೊನ್ನತ್ತೆ ಹೇಳಿದಳು. ಸುದ್ದಿ ನಿನಗೆ ಮುಟ್ಟಿತೋ ಇಲ್ಲವೋ, ನನಗೆ ಗೊತ್ತಿಲ್ಲ, ಕೇಳಲೂ ಭಯ.

ಬರಬೇಡ ಎಂದು ನಾನು ನಿನಗೆ ಬರೆದದ್ದು ಅಪ್ಪನಿಗೆ ಗೊತ್ತಿಲ್ಲ. ಹಟ್ಟಿಯಲ್ಲಿ ಯಾರಾದರೂ ನಿನ್ನ ಮೇಲೆ ಮಾತಾಡಿದರೆ ಅವನೇ ಅಡ್ಡ ಬಂದು, "ಅವುನ್ದೇನು ತಪ್ಪು? ಇಲಾಖೆಯೋರು ಬುಡ್ಬೇಕಲ್ವಾ? ಅಲ್ವೇನವ್ವ ಜುಂಜಿ?" ಅನ್ನುತ್ತಾನೆ. ನಾನು ರಾಗಿ ಬೀಸುತ್ತ ಹೂಂ ಅನ್ನುತ್ತೇನೆ.